ಮರುಭೂಮಿಗೆ ಹೊರಟ ಮೀನು

ವರ್ನೀಸ್: ಸತ್ತಿಲ್ಲ ಕಣೋ, ಊರು ಬಿಟ್ಟಿದಾರೆ ಅಷ್ಟೆ. ಸೂತಕದ ಮನೆ ಥರ ಪರದೆ ಎಳೆದು ಕೂತಿದೀಯಲ್ಲ!

ಒಡೆಲ್: ಸತ್ತಿದ್ರೆ ಎಷ್ಟೋ ವಾಸಿ ಇತ್ತು. ಸಮಾಧಿ ಮೇಲೆ ಹೂವಾದ್ರೂ ಇಡಬಹುದಿತ್ತು. ಲಾಸ್ ವೇಗಸ್‌ಗೆ ಹೋದವರಿಗೆ ಏನಿಡೋದು?

ವರ್ನೀಸ್: ಪಣ ಇಡು.

ಒಡೆಲ್ ತಲೆ ಎತ್ತಲಿಲ್ಲ. ಓಕ್ಲೆಂಡ್ ಬಂದರಿನಲ್ಲಿ ಕ್ರೇನು ನಡೆಸಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತನಾದ ಆಳು. ಹಡಗಿನಿಂದ ಕಬ್ಬಿಣದ ಪೆಟ್ಟಿಗೆ ಎತ್ತುವಾಗಲೂ ಅವನ ಮುಖ ಇಷ್ಟು ಭಾರವಾಗಿದ್ದುದನ್ನು ಹೆಂಡತಿ ವರ್ನೀಸ್ ಕಂಡಿರಲಿಲ್ಲ. ಅವನ ತೊಡೆಯ ಮೇಲೆ ಸ್ಪಂಜಿನ ದೊಡ್ಡದೊಂದು ಮೀನಿನ ತಲೆ ಥರ್ಮೋಕೋಲಿನ ಹಲ್ಲು ಕಿರಿದುಕೊಂಡು ಕೂತಿತ್ತು. ಊರಿನ ಅಮೆರಿಕನ್ ಫುಟ್ಬಾಲ್ ತಂಡವಾದ ಬಾರಕೂಡಾಸ್ ಆಡುವ ಭಾನುವಾರಗಳಲ್ಲಿ ಒಡೆಲ್ ಅದನ್ನು ತನ್ನ ತಲೆಗೇರಿಸಿಕೊಂಡು, ಮುಖಕ್ಕೆ ಬೆಳ್ಳಿ ಬಣ್ಣ ಬಳಿದುಕೊಂಡು ಮೈದಾನಕ್ಕೆ ಹೋಗುತ್ತಿದ್ದ. ಅದೇ ಹೊತ್ತಿಗೆ ವರ್ನೀಸ್ ತಲೆಗೆ ಟೋಪಿ ಇಟ್ಟುಕೊಂಡು ಒಬ್ಬಳೇ ಚರ್ಚಿಗೆ ಹೋಗುತ್ತಿದ್ದಳು. ಗಂಡ ಗಟ್ಟಿಮುಟ್ಟಾಗಿ ಬದುಕಿದ್ದರೂ, ಗಾಯಕವೃಂದದಲ್ಲಿ ಹಾಡಿ ಮುಗಿಸಿದ ಮೇಲೆ ವಿಧವೆಯರ ಸಾಲಿನಲ್ಲಿ ಕೂತು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಆವತ್ತು ಬೆಳಿಗ್ಗೆ ಟಿವಿಯಲ್ಲಿ ಸುದ್ದಿ ಬಂದಿತ್ತು: ತಂಡದ ಮಾಲೀಕ ಗಂಟುಮೂಟೆ ಕಟ್ಟಿದ್ದಾನೆ, ಬರುವ ಆಟದ ಋತುವಿನಿಂದ ಬಾರಕೂಡಾಸ್ ಆಡುವುದು ಲಾಸ್ ವೇಗಸ್ಸಿನಲ್ಲಿ.

ಒಡೆಲ್: ಬಾರಕೂಡಾ ಅಂದ್ರೆ ಮೀನು ಕಣೇ! ಸಮುದ್ರದ ಮೀನು! ಅದನ್ನ ತಗೊಂಡು ಹೋಗಿ ಮರುಭೂಮಿಯಲ್ಲಿ ಬಿಡ್ತಾರಂತೆ. ಅಲ್ಲಿ ಮೀನಿಗೇನು ಕೆಲಸ?

ವರ್ನೀಸ್: ಬೇಯೋದು. ಆ ಬಿಸಿಲಿಗೆ ಒಲೆನೂ ಬೇಡ.

ಒಡೆಲ್: ಆಡ್ಕೋ, ಆಡ್ಕೋ. ಆ ಮಾಲೀಕ ಟಿವಿಯಲ್ಲಿ ಏನಂದ ಕೇಳಿಸ್ಕೊಂಡ್ಯಾ? 'ನಾವು ಎಲ್ಲೇ ಇದ್ರೂ ಓಕ್ಲೆಂಡಿನವರು ನಮ್ಮ ಮನೆಯವರೇ' ಅಂದ. ಕಣ್ಣಲ್ಲಿ ನೀರು ಬೇರೆ!

ವರ್ನೀಸ್: ಮನೆಯವರನ್ನ ಬಿಟ್ಟು ವೇಗಸ್‌ಗೆ ಓಡಿಹೋಗೋ ಗಂಡಸರೆಲ್ಲ ಬಾಗಿಲಲ್ಲಿ ನಿಂತು ಆ ಮಾತೇ ಹೇಳೋದು.

ಒಡೆಲ್: ಹೊಸ ಮೈದಾನ ಬೇಕಂತೆ ಅವರಿಗೆ. ಹಳೇದು ಸರಿ ಇಲ್ವಂತೆ.

ವರ್ನೀಸ್: ಅಲ್ಲಿ ನಲ್ಲಿ ತಿರುಗಿಸಿದ್ರೆ ಚರಂಡಿ ನೀರು ಬರುತ್ತೆ ಅಂತ ನೀನೇ ಹೇಳಿದ್ದೆ.

ಒಡೆಲ್: ಬಂತು. ನಾವು ಅದಕ್ಕೂ ಚಪ್ಪಾಳೆ ಹೊಡೆದ್ವಿ! ಯಾವ ಊರಲ್ಲಿ ಸಿಗ್ತಾರೆ ಇಂಥ ಜನ? ಇನ್ನು ಆ ಲೀಗಿನ ದೊಡ್ಡ ಮನುಷ್ಯರು! ಜೂಜು ಅಂದ್ರೆ ಮೈಲಿಗೆ ಅಂತಿದ್ರು. ಆಟಗಾರ ಇಸ್ಪೀಟು ಮುಟ್ಟಿದ್ರೆ ಸ್ನಾನ ಮಾಡ್ಕೊಂಡು ಬಾ ಅಂತಿದ್ರು. ಈಗ ತಂಡಾನೇ ಇಸ್ಪೀಟಿನವರ ಮನೆಗೆ ಮನೆಯಳಿಯ ಮಾಡಿ ಕಳಿಸ್ತಿದಾರೆ.

ವರ್ನೀಸ್: ಹೋಗ್ಲಿ ಬಿಡು ಒಡೆಲ್. ಒಂದು ರೀತಿ ಒಳ್ಳೇದೇ ಆಯ್ತು.

ಒಡೆಲ್: ಒಳ್ಳೇದಾ? ಯಾರಿಗೆ?

ವರ್ನೀಸ್: ನನಗೆ. ಇನ್ಮೇಲೆ ಭಾನುವಾರ ನೀನು ನನ್ನ ಜತೆ ಚರ್ಚಿಗೆ ಬರಬಹುದು.

ಒಡೆಲ್ ಹೆಂಡತಿಯನ್ನು ನೋಡಿದ. ಅವಳು ದುಃಖದ ಮುಖ ಮಾಡಲು ಹೆಣಗುತ್ತಿದ್ದಳು. ಮುಖ ಮಾತು ಕೇಳುತ್ತಿರಲಿಲ್ಲ.

ಒಡೆಲ್: ನೀನು ಖುಷಿಯಾಗಿದೀಯಾ.

ವರ್ನೀಸ್: ದೇವರ ಚಿತ್ತ ನೋಡಿ ಖುಷಿ ಪಡಬಾರದಾ?

ಒಡೆಲ್: ಬರ್ತೀನಿ. ಬೇರೆ ಗತಿ ಏನಿದೆ? ಆದ್ರೆ ಒಂದು ಮಾತು. ಆ ವೇಗಸ್ ಕಡೆ ನಾನು ತಲೆ ಹಾಕೂ ಮಲಗಲ್ಲ. ಶಪಥ.

ಹೀಗೆ ಒಡೆಲ್ ಚರ್ಚಿನ ಮನುಷ್ಯನಾದ. ಅವನು ಬಂದ ಮೊದಲ ಭಾನುವಾರ ಪಾಸ್ಟರ್ ಗಿಲ್ಯಾರ್ಡ್ ಊರಿನ ನೋವನ್ನೇ ಪ್ರಸಂಗಕ್ಕೆ ಎತ್ತಿಕೊಂಡರು. ಕುರಿಗಳನ್ನು ಬಿಟ್ಟು ಹೆಚ್ಚು ಹಸಿರು ಹುಡುಕಿಕೊಂಡು ಹೋಗುವವನು ಕುರುಬನಲ್ಲ, ಕುರಿ ವ್ಯಾಪಾರಿ ಎಂದು ಗುಡುಗಿದರು. ಒಡೆಲ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಆ ಒಂದು ಮಾತಿಗೆ ಅವನು ಪಾಸ್ಟರಿಗೆ ಮಾರುಹೋದ.

ತೊಂದರೆ ಶುರುವಾದದ್ದು ಆಮೇಲೆ. ಆ ಚರ್ಚಿನಲ್ಲಿ ಕೂಗುವುದು ತಪ್ಪೇನಲ್ಲ. ಪವಿತ್ರಾತ್ಮ ತುಂಬಿದವರು ಎದ್ದು ನಿಂತು ಕೂಗಿಯೇ ಕೂಗುತ್ತಾರೆ. ಒಡೆಲ್ ಕೂಗುತ್ತಿದ್ದ ಮಾತುಗಳು ಮಾತ್ರ ಬೇರೆ. ಗಾಯಕವೃಂದ ಮೇಲಿನ ಸ್ವರಕ್ಕೆ ಏರುವಾಗ "ಒತ್ತು! ಒತ್ತು! ಬಿಡಬೇಡ!" ಎಂದ. ಪಾಸ್ಟರ್ ಹೇಳುತ್ತಿದ್ದ ಕಥೆಯಲ್ಲಿ ದಾವೀದ ಕವಣೆ ಬೀಸಿ ಗೊಲ್ಯಾತನನ್ನು ಕೆಡವಿದಾಗ ತನ್ನ ಸಾಲಿನವರನ್ನೆಲ್ಲ ಎಬ್ಬಿಸಿ ಕೈ ಎತ್ತಿಸಿ ಮೈದಾನದ ಪ್ರೇಕ್ಷಕರ ಹಾಗೆ ಅಲೆ ಹೊರಡಿಸಿದ. ಆ ಅಲೆಯಲ್ಲಿ ವಿಧವೆಯರ ಸಾಲೂ ಎದ್ದು ಕೂತಿತು. ಪ್ರಸಂಗ ಮಧ್ಯಾಹ್ನ ದಾಟಿದ ದಿನ ನಡುಹಾದಿಯಲ್ಲಿ ಬಂದು ನಿಂತು ಒಂದು ಅಂಗೈಗೆ ಇನ್ನೊಂದನ್ನು ಅಡ್ಡ ಹಿಡಿದು ಆಟ ನಿಲ್ಲಿಸುವ ಸನ್ನೆ ಮಾಡಿದ. ಹಾಡು ಮುಗಿಸಿ ಅವನ ಸಾಲಿಗೆ ಬಂದು ಕೂತಿದ್ದ ವರ್ನೀಸಿಗೆ ಹಾಡಿನ ಪುಸ್ತಕದೊಳಗೇ ಹೊಕ್ಕುಬಿಡೋಣ ಅನ್ನಿಸಿತು.

ಆದ್ದರಿಂದ ಒಂದು ಸೋಮವಾರ ಮಧ್ಯಾಹ್ನ ಪಾಸ್ಟರ್ ಗಿಲ್ಯಾರ್ಡ್ ತಾವಾಗಿಯೇ ಮನೆಗೆ ಬಂದು, ಸೋಫಾದ ಅಂಚಿಗೆ ಕೂತು, ಮಂಡಿಯ ಮೇಲೆ ಟೋಪಿ ತಿರುಗಿಸತೊಡಗಿದಾಗ ವರ್ನೀಸಿಗೆ ಕೇಳುವುದೇನೂ ಉಳಿದಿರಲಿಲ್ಲ. ಗೆಣಸಿನ ಪೈಯ ದೊಡ್ಡ ತುಂಡನ್ನು ಅವರ ಮುಂದಿಟ್ಟಳು.

ಪಾಸ್ಟರ್: ಸಿಸ್ಟರ್ ವರ್ನೀಸ್, ಹೇಗೆ ಹೇಳೋದು ಗೊತ್ತಾಗ್ತಿಲ್ಲ...

ವರ್ನೀಸ್: ಹೇಳೋದೇ ಬೇಡ ಪಾಸ್ಟರ್. ನಿನ್ನೆ ಅವನು ಮಾಡಿದ್ದು ತಪ್ಪು.

ಪಾಸ್ಟರ್: ಯಾರು?

ವರ್ನೀಸ್: ಯಾರು ಅಂತ ಕೇಳ್ತೀರಲ್ಲ, ನಿಮ್ಮ ದೊಡ್ಡ ಮನಸ್ಸು. ಕಾಣಿಕೆ ತಟ್ಟೆ ಹಿಡಿದವರು ಎಡವಿದಾಗ 'ಚೆಂಡು ಬಿತ್ತು' ಅಂತ ಕೂಗಿ ತಟ್ಟೆ ಮೇಲೆ ಬಿದ್ದು ಅಪ್ಪಿಕೊಳ್ಳೋದಾ?

ಪಾಸ್ಟರ್: ಓ, ಅದಾ. ಒಂದು ಕಾಸೂ ಚೆಲ್ಲಲಿಲ್ಲ ಬಿಡಿ. ನಾನು ಬಂದಿದ್ದು ಬೇರೆ ವಿಷಯ. ತುಂಬ ಪ್ರಾರ್ಥನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿದೀವಿ. ಕಷ್ಟದ ತೀರ್ಮಾನ. ಹೋಗಲೇಬೇಕಾಗಿದೆ.

ವರ್ನೀಸ್: ಗೊತ್ತು. ನಾನೇ ಹೇಳ್ತೀನಿ ಅವನಿಗೆ. ನಿಮಗ್ಯಾಕೆ ನಿಷ್ಠುರ?

ಪಾಸ್ಟರ್: ಯಾರಿಗೆ ಹೇಳ್ತೀರಿ?

ವರ್ನೀಸ್: ಒಡೆಲ್‌ಗೆ. ಬೇಜಾರಾಗುತ್ತೆ, ಆದ್ರೂ ಹೋಗ್ತಾನೆ.

ಪಾಸ್ಟರ್: ಬ್ರದರ್ ಒಡೆಲ್ ಬರ್ತಾರಾ? ಬಹಳ ಸಂತೋಷ! ಅವರು ಬರಲ್ಲವೇನೋ ಅಂತಲೇ ಹೆದರಿದ್ದೆ.

ವರ್ನೀಸ್: ಬರೋದೆಲ್ಲಿಗೆ? ಹೋಗೋದು ಅಂದ್ರಲ್ಲ?

ಪಾಸ್ಟರ್: ಹೌದು. ಎಲ್ಲರೂ ಹೋಗೋದು.

ವರ್ನೀಸ್: ಒಬ್ಬ ಕೂಗಿದ್ದಕ್ಕೆ ಎಲ್ಲರನ್ನೂ ಆಚೆ ಹಾಕ್ತೀರಾ?

ಪಾಸ್ಟರ್: ಸಿಸ್ಟರ್, ಹೋಗೋದು ಒಡೆಲ್ ಅಲ್ಲ. ಚರ್ಚು.

ವರ್ನೀಸ್ ಕೈಯಲ್ಲಿದ್ದ ಕಾಫಿಯ ಲೋಟ ಹಾಗೇ ನಿಂತಿತು. ಹಿತ್ತಲಲ್ಲಿ ಬೇಲಿಗೆ ಬಣ್ಣ ಹೊಡೆಯುತ್ತಿದ್ದ ಒಡೆಲ್ ಕಿಟಕಿಯಿಂದ ಮಾತು ಕೇಳಿ, ಕೈಯೊರೆಸಿಕೊಳ್ಳುತ್ತ ಒಳಗೆ ಬಂದು ಬಾಗಿಲಲ್ಲಿ ನಿಂತ.

ಪಾಸ್ಟರ್ ವಿವರಿಸಿದರು. ಬಾಡಿಗೆ ಏರಿ ಏರಿ ಸಭೆಯ ಅರ್ಧ ಜನ ಆಗಲೇ ಊರಾಚೆ ಆಂಟಿಯಾಕ್ ಕಡೆ ಹೋಗಿಬಿಟ್ಟಿದ್ದಾರೆ. ಚರ್ಚಿನ ಜಾಗದಲ್ಲಿ ಫ್ಲ್ಯಾಟು ಕಟ್ಟಲು ಯಾರೋ ಮುಂದೆ ಬಂದಿದ್ದಾರೆ. ಆಂಟಿಯಾಕಿನಲ್ಲಿ ಮುಚ್ಚಿದ ಪೀಠೋಪಕರಣದ ಅಂಗಡಿಯೊಂದಿದೆ. ತಂಪು ಯಂತ್ರ, ದೊಡ್ಡ ಪರದೆ, ಕಾರು ನಿಲ್ಲಿಸಲು ಬೇಕಾದಷ್ಟು ಜಾಗ.

ವರ್ನೀಸ್: ಆಂಟಿಯಾಕ್! ಗುಡ್ಡದ ಆಚೆ!

ಪಾಸ್ಟರ್: ಸತ್ಯವೇದದಲ್ಲೇ ಇರೋ ಹೆಸರು ಸಿಸ್ಟರ್. ಅಪೊಸ್ತಲ ಪೌಲ ಅಂತಿಯೋಕ್ಯಕ್ಕೆ ಹೋಗಲಿಲ್ವೇ?

ವರ್ನೀಸ್: ಪೌಲ ಜೈಲಿಗೂ ಹೋಗಿದ್ದ. ನೀವು ಯಾವಾಗ ಹೋಗ್ತೀರಿ?

ಒಡೆಲ್: ವರ್ನೀಸ್, ಸುಮ್ನಿರು. ಪಾಸ್ಟರ್, ಹೆಸರು?

ಪಾಸ್ಟರ್: ಹೆಸರು ಬದಲಾಗಲ್ಲ. ಈಸ್ಟ್ ಓಕ್ಲೆಂಡ್ ಚರ್ಚ್ ಅಂತಲೇ ಇರುತ್ತೆ.

ಒಡೆಲ್: ಆಂಟಿಯಾಕಿನಲ್ಲಿ.

ಪಾಸ್ಟರ್: ಆಂಟಿಯಾಕಿನಲ್ಲಿ.

ಒಡೆಲ್: ಗಾಯಕರ ನಿಲುವಂಗಿ? ಅದೇ ಬಣ್ಣ ತಾನೇ?

ಪಾಸ್ಟರ್: ಅದೇ ಬಣ್ಣ. ಇಲ್ಲೇ ಉಳಿದವರು ಫೋನಿನಲ್ಲಿ ನೇರಪ್ರಸಾರ ನೋಡಬಹುದು. ನಾವು ಎಲ್ಲೇ ಇದ್ರೂ ನೀವೆಲ್ಲ ನಮ್ಮ ಮನೆಯವರೇ.

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಪಾಸ್ಟರಿಗೇ ಏನೋ ಎಡವಿದಂತಾಯಿತು. ಒಡೆಲ್ ಕುರುಬನ ವಿಷಯವನ್ನು ಎತ್ತಬಹುದಿತ್ತು; ಎತ್ತಲಿಲ್ಲ. ಪಾಸ್ಟರ್ ಪೈಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆ ಮನೆಯಲ್ಲಿ ಅವರು ತಟ್ಟೆಯಲ್ಲಿ ಏನನ್ನಾದರೂ ಬಿಟ್ಟದ್ದು ಅದೇ ಮೊದಲು.

ಬಾಗಿಲು ಹಾಕಿಕೊಂಡ ಮೇಲೆ ವರ್ನೀಸ್ ಸೋಫಾದಲ್ಲಿ ಕುಸಿದಳು. ಮದುವೆ ಆದದ್ದು ಆ ಚರ್ಚಿನಲ್ಲಿ, ಅಮ್ಮನನ್ನು ಮಣ್ಣಿಗೆ ಕಳಿಸಿಕೊಟ್ಟದ್ದು ಅಲ್ಲಿಂದ. ಅವಳು ಹಾಡುವಾಗ ನಿಲ್ಲುತ್ತಿದ್ದ ಜಾಗದಲ್ಲಿ ಮರದ ನೆಲ ಅವಳ ಪಾದಕ್ಕೆ ತಕ್ಕಂತೆ ಸವೆದಿತ್ತು.

ವರ್ನೀಸ್: ನಗು. ನಿನ್ನ ಸರದಿ ಬಂತು. ನಾನು ಆಡಿದ್ದನ್ನೆಲ್ಲ ಬಡ್ಡಿ ಸಮೇತ ಆಡಿಬಿಡು.

ಒಡೆಲ್: ನಗಲ್ಲ. ಅದು ಎಲ್ಲಿ ಚುಚ್ಚುತ್ತೆ ಅಂತ ನಂಗೊತ್ತು. ಇಲ್ಲಿ, ಪಕ್ಕೆಲುಬಿನ ಕೆಳಗೆ. ಊಟದ ಹೊತ್ತಿಗೆ ಜಾಸ್ತಿ ಆಗುತ್ತೆ.

ವರ್ನೀಸ್: ನಿಂದು ಆಟ ಕಣೋ. ಇದು ದೇವರು.

ಒಡೆಲ್: ದೇವರು ಎಲ್ಲಿಗೂ ಹೋಗಿಲ್ಲ. ಹೋಗಿದ್ದು ಮಾಲೀಕರು.

ಅವಳಿಗೆ ಅಳುವಿನ ನಡುವೆ ನಗು ಬಂತು. ಅವನು ಪಕ್ಕದಲ್ಲಿ ಕೂತು, ಪಾಸ್ಟರ್ ಬಿಟ್ಟುಹೋದ ಪೈಯನ್ನು ಇಬ್ಬರ ನಡುವೆ ಇಟ್ಟುಕೊಂಡ.

ವರ್ನೀಸ್: ನಾನಂತೂ ಆಂಟಿಯಾಕ್‌ಗೆ ಕಾಲಿಡಲ್ಲ. ಪೀಠೋಪಕರಣದ ಅಂಗಡಿಯಲ್ಲಿ ಹಾಡೋಕೆ ನಾನೇನು ಮಂಚದ ಜಾಹೀರಾತಾ? ಹೋಗಲ್ಲ. ಶಪಥ ಮಾಡ್ತೀನಿ.

ಒಡೆಲ್: ಮಾಡು. ಶಪಥ ಮಾಡಿದ ಮೇಲೆ ಹೋಗೋದು ಸುಲಭ.

ವರ್ನೀಸ್ ಚಮಚ ಕೆಳಗಿಟ್ಟು ಗಂಡನ ಕಡೆ ತಿರುಗಿದಳು. ಒಡೆಲ್ ಬಣ್ಣ ಹತ್ತಿದ ಉಗುರನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳುತ್ತಿದ್ದ.

ವರ್ನೀಸ್: ಒಡೆಲ್.

ಒಡೆಲ್: ಹ್ಞೂಂ.

ವರ್ನೀಸ್: ವೇಗಸ್‌ಗೆ ಟಿಕೆಟ್ ತಗೊಂಡಿದೀಯಾ?

ಒಡೆಲ್: ಎರಡು.

ವರ್ನೀಸ್: ತಲೆ ಹಾಕೂ ಮಲಗಲ್ಲ ಅಂದಿದ್ಯಲ್ಲೋ!

ಒಡೆಲ್: ಮಲಗೋಕೆ ಹೋಗ್ತಿಲ್ಲ. ಆಟ ನೋಡೋಕೆ.

ವರ್ನೀಸ್: ಎರಡನೇದು ಯಾರಿಗೆ?

ಒಡೆಲ್: ನಿನಗೇ. ನಿನ್ನ ಜತೆ ಇಷ್ಟು ಭಾನುವಾರ ಚರ್ಚಲ್ಲಿ ಕೂತೆ. ಪಕ್ಕದಲ್ಲಿ ನೀನಿಲ್ಲದೆ ಅಷ್ಟು ವರ್ಷ ಹೇಗೆ ಕೂಗ್ತಿದ್ದೆ ಅಂತಲೇ ಈಗ ಗೊತ್ತಾಗಲ್ಲ. ಹೇಳೋಕೆ ಧೈರ್ಯ ಬರಲಿಲ್ಲ ಅಷ್ಟೆ.

ವರ್ನೀಸ್ ಪೈಯ ಕೊನೆಯ ತುತ್ತನ್ನು ಅವನ ಕಡೆ ಸರಿಸಿದಳು.

ವರ್ನೀಸ್: ಭಾನುವಾರದ ಆಟಾನಾ?

ಒಡೆಲ್: ಭಾನುವಾರ ಮಧ್ಯಾಹ್ನ.

ವರ್ನೀಸ್: ಹಾಗಾದ್ರೆ ಬೆಳಿಗ್ಗೆ ಅಲ್ಲೇ ಯಾವುದಾದ್ರೂ ಚರ್ಚಿಗೆ ಹೋಗಬೇಕು. ಗಂಟುಮೂಟೆ ಕಟ್ಟದೆ ಇದ್ದಲ್ಲೇ ಇರೋ ಚರ್ಚು ಆ ಊರಲ್ಲಾದ್ರೂ ಒಂದು ಸಿಗುತ್ತಾ?

ಒಡೆಲ್: ಸಿಗದೆ ಏನು? ಶನಿವಾರ ರಾತ್ರಿ ಅಷ್ಟು ಜನ ಜೂಜಲ್ಲಿ ಸೋತು ಬೆಳಿಗ್ಗೆ ದೇವರ ಮುಂದೆ ಬಂದು ಕೂರೋ ಊರಲ್ಲಿ, ಜಾಗ ಬದಲಾಯಿಸೋ ದರ್ದು ಚರ್ಚಿಗೆ ಯಾಕೆ ಬರುತ್ತೆ?