ಒಂದು ನಿಮಿಷದ ನಿಶ್ಶಬ್ದ

ಮಕ್ಕಳ ಮೇಲೆ ಒಮ್ಮೆಯೂ ದನಿ ಏರಿಸದೆ ಮನೆ ನಡೆಸುವುದು ಹೇಗೆಂದು ಲೋಕಕ್ಕೆಲ್ಲ ತಿಳಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದೆ. ಪಾಡ್‌ಕಾಸ್ಟಿನ ಹೆಸರು ‘ಕೂಗದ ತಾಯಿ’. ಮಗಳು ಹುಟ್ಟಿದ ಮೇಲೆ ಈ ಮನೆಯಲ್ಲಿ ಯಾರೂ ನನ್ನ ಒಂದು ಮಾತನ್ನೂ ಪೂರ್ತಿ ಕೇಳಿಲ್ಲ. ಹೊರಗಿನವರಾದರೂ ಕೇಳಲಿ. ಅರೆಬರೆ ಕೆಲಸ ನನ್ನ ಜಾಯಮಾನವಲ್ಲ. ಮೈಕು, ಹೆಡ್‌ಫೋನು ಸಮೇತ ಸೌಂಡ್ ಎಂಜಿನಿಯರ್ ಒಬ್ಬರನ್ನೇ ಕರೆಸಿದೆ.

ಅವರು ಬಟ್ಟೆ ಬೀರು ತೆರೆದು, ನನ್ನನ್ನು ನಮ್ಮವರ ಕೋಟುಗಳ ನಡುವೆ ತುರುಕಿ, “ಸುತ್ತ ಬಟ್ಟೆ ಇದ್ರೆ ದನಿ ಗುಂಯ್ ಅನ್ನಲ್ಲ ಮೇಡಂ” ಎಂದರು. ಅಲ್ಲೇ ಬೆವರು ಒರೆಸಿಕೊಳ್ಳುತ್ತ ತಾಳ್ಮೆಯ ಮಹಿಮೆ ಹೇಳಿ ಮುಗಿಸಿದೆ.

“ಚೆನ್ನಾಗಿ ಬಂತು. ಇನ್ನು ಕೋಣೆಯ ನಿಶ್ಶಬ್ದ ಒಂದು ನಿಮಿಷ ಬೇಕು. ಮಾತು ಕತ್ತರಿಸಿದ ಕಡೆಗೆಲ್ಲ ಅದನ್ನೇ ತೇಪೆ ಹಾಕೋದು. ಅದಿಲ್ದೆ ಎಪಿಸೋಡ್ ಆಗಲ್ಲ.”

ಕಣ್ಣೆದುರಿಗೇ ಇರಲಿ ಎಂದು ನಮ್ಮವರು, ಅತ್ತೆ, ಮಗಳು ಮೂವರನ್ನೂ ಮಂಚದ ಮೇಲೆ ಸಾಲಾಗಿ ಕೂರಿಸಿದೆ. ಗುಂಡಿ ಒತ್ತಿದ್ದೇ ತಡ, ನಮ್ಮವರು ಪಿಸುಗುಟ್ಟಿದರು: “ಶುರುವಾಯ್ತೇನೆ?”

“ಆಗಿತ್ತು ರೀ. ಈಗ ಕೆಡ್ತು.”

ಎರಡನೆಯ ಸಲ ಮಗಳು, “ಅಮ್ಮಾ, ನಾನು ಮಾತಾಡ್ತಾನೇ ಇಲ್ಲ ನೋಡು” ಎಂದಳು.

“ಜಾಣೆ” ಎಂದರು ಅತ್ತೆ.

“ಅಮ್ಮ, ಸುಮ್ನಿರಮ್ಮ” ಎಂದರು ನಮ್ಮವರು.

“ನನ್ನನ್ಯಾಕೋ ಗದರ್ತೀಯ? ಮೊದ್ಲು ಮಾತಾಡಿದ್ದು ನಿನ್ನ ಮಗಳು.”

ನಾನು ಹಲ್ಲು ಕಡಿದೆ. ಅದೂ ಮೈಕಿಗೆ ಬಿತ್ತು.

ಮೂರನೆಯ ಸಲ ಕೋಣೆ ಎಷ್ಟು ಸೊಗಸಾಗಿ ಮೌನವಾಯಿತೆಂದರೆ ನಮ್ಮವರಿಗೆ ನಿದ್ದೆ ಬಂತು. ಹಿಂದೆಯೇ ಗೊರಕೆ. ಮಗಳು ಕಿಸಕ್ಕನೆ ನಕ್ಕಳು. “ಪಾಪ, ದಣಿದಿದ್ದಾನೆ” ಎಂದರು ಅತ್ತೆ.

ದಣಿದವರು ಅವರಂತೆ! ಬೀರುವಿನಲ್ಲಿ ಬೆಂದವಳು ನಾನು. ಪಿತ್ತ ನೆತ್ತಿಗೇರಿತು.

“ಬಾಯಿ ಮುಚ್ರೀ ಎಲ್ರೂ! ವರ್ಷಗಟ್ಲೆ ನಿಮ್ಮೆಲ್ಲರ ಮಾತು ಕೇಳಿದ್ದೀನಿ. ನನಗೋಸ್ಕರ ಒಂದೇ ಒಂದು ನಿಮಿಷ ಸುಮ್ನಿರೋಕೆ ನಿಮಗೇನು ರೋಗ?”

ಕಿಟಕಿಯ ಗಾಜು ಅದುರಿತು. ಎದುರುಮನೆಯ ನಾಯಿ ಬೊಗಳುವುದನ್ನು ಅರ್ಧಕ್ಕೇ ಬಿಟ್ಟಿತು. ನಮ್ಮವರು ಎಚ್ಚರಗೊಂಡು ನೆಟ್ಟಗೆ ಕುಳಿತರು. ಮಗಳು ಮೆಲ್ಲಗೆ ಅಜ್ಜಿಯ ಬೆನ್ನ ಹಿಂದೆ ಸರಿದಳು. ಅದನ್ನು ಕಂಡದ್ದೇ ನನ್ನ ಕೋಪ ಜರ್ರನೆ ಇಳಿಯಿತು. ಏನು ಹೇಳುವುದೆಂದು ತೋಚದೆ ನಿಂತೇ ಇದ್ದೆ. ಕೊನೆಗೆ “ಬಾರೇ ಕಂದ” ಎಂದು ಅವಳನ್ನು ಎತ್ತಿಕೊಂಡೆ.

“ಇನ್ನೊಂದಿನ ಬನ್ನಿ. ಈ ಮನೇಲಿ ಇವತ್ತು ನಿಶ್ಶಬ್ದ ಸಿಗಲ್ಲ” ಎಂದೆ ಎಂಜಿನಿಯರಿಗೆ.

ಅವರು ಹೆಡ್‌ಫೋನ್ ತೆಗೆದರು. “ಸಿಕ್ತಲ್ಲ ಮೇಡಂ. ನೀವು ಕೂಗಿದ ಮೇಲೆ, ಪೂರ್ತಿ ಒಂದು ನಿಮಿಷ. ಯಾರೂ ಉಸಿರು ಕೂಡ ಬಿಟ್ಟಿಲ್ಲ. ಸ್ಟುಡಿಯೋದಲ್ಲೂ ಇಂಥ ಮಾಲು ಸಿಗಲ್ಲ.”

ಎಪಿಸೋಡು ಹೊರಬಿತ್ತು. ಕೇಳುಗರೊಬ್ಬರು ಬರೆದರು: “ನಡುನಡುವಿನ ಆ ಮೌನ ಕೇಳಿದರೇ ಗೊತ್ತಾಗುತ್ತದೆ, ಎಷ್ಟು ನೆಮ್ಮದಿಯ ಮನೆ ನಿಮ್ಮದು.”

ಹಿಗ್ಗಿನಿಂದ ಎಲ್ಲರನ್ನೂ ಕೂರಿಸಿ ಎಪಿಸೋಡು ಕೇಳಿಸಿದೆ. ಈ ಸಲ ಯಾರೂ ತುಟಿ ಬಿಚ್ಚಲಿಲ್ಲ. ಮೊದಲ ಮೌನ ಬಂತು. ಮಗಳು ತೊಡೆಯೇರಿ ನನ್ನ ಕಿವಿಯಲ್ಲಿ ಉಸುರಿದಳು:

“ಅಮ್ಮಾ, ಇಲ್ಲೇ ಅಲ್ವಾ ನಾವೆಲ್ಲ ಹೆದರ್ಕೊಂಡಿದ್ದು?”