ಎರಡು ಕ್ಯಾಮೆರಾ, ಒಂದು ಮೊಣಕಾಲು

ಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟವನಿಗೆ ಬದುಕಿನಲ್ಲಿ ಯಾವುದಕ್ಕೂ ತಡವಾಗುವುದಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಆಳಂದದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದಾಗ ಅಂಟಿದ ಚಟ. ಅಲ್ಲಿ ನಾನು ಸೀಟಿ ಊದಿದರೆ ಬಸ್ಸು ಹೊರಡಬೇಕು. ಡ್ರೈವರನ ಚಹಾ ಕಪ್ಪಿನಲ್ಲೇ ಉಳಿದರೂ ಸರಿ. ನಿವೃತ್ತನಾಗಿ ಜೇವರ್ಗಿಗೆ ಬಂದ ಮೇಲೆ ಹೊರಡಿಸಲು ಬಸ್ಸುಗಳಿರಲಿಲ್ಲ, ಹೆಂಡತಿ ಇದ್ದಳು. ಹಾಗಾಗಿ ಗೋಡೆಯ ಗಡಿಯಾರವನ್ನು ಮುಂದೆ ತಿರುಗಿಸಿ, ಕೈಗಡಿಯಾರವನ್ನು ಮಾತ್ರ ರೇಡಿಯೋಕ್ಕೆ ಸರಿಯಾಗಿ ಇಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಶಿಸ್ತಿನ ಗುಟ್ಟು ಹೊರಬಿದ್ದರೆ ಶಿಸ್ತು ಉಳಿಯುವುದಿಲ್ಲವಲ್ಲ.

ದಿನವೂ ಬೆಳಿಗ್ಗೆ ಇಬ್ಬರೂ ತಿರುಗಾಡಲು ಹೋಗುತ್ತಿದ್ದೆವು. ನಾನು ಮುಂದೆ, ಅವಳು ಒಂದು ಹೆಜ್ಜೆ ಹಿಂದೆ. ನನ್ನ ವೇಗ ಹಿಡಿಯುವುದು ಅವಳಿಗೆ ಆಗುವುದಿಲ್ಲ ಎಂದು ನೆಂಟರಿಗೆಲ್ಲ ಹೇಳುತ್ತಿದ್ದೆ. ನನ್ನ ಎಡ ಮೊಣಕಾಲು ಆಗೀಗ ಗೊಣಗುತ್ತಿತ್ತು, ನಿಜ. ಗುಲಬರ್ಗಾದಲ್ಲಿ ಎಲುಬಿನ ಡಾಕ್ಟರಾಗಿದ್ದ ನನ್ನ ಅಕ್ಕನ ಮಗ ಗುರುನಾಥ ಆಪರೇಷನ್ ಎಂದ. ನನ್ನ ನಡಿಗೆಯಲ್ಲಿ ಏನೂ ಕೊರತೆಯಿಲ್ಲ ಎಂದು ನಾನೆಂದೆ.

"ಮಾಮಾ, ನೀವು ಹೇಳೋದು ಬಿಡ್ರಿ, ಕಾಲು ಏನ್ ಹೇಳ್ತದ ನೋಡೋಣು. ಮುಂದಿಂದ ಒಂದು, ಬಾಜೂದಿಂದ ಒಂದು ವಿಡಿಯೋ ತೆಗೆಯೋಣು. ಕುಂಟೋದು ಕಾಣಲಿಲ್ಲಂದ್ರ ಆಪರೇಷನ್ ಮಾತು ಬಂದ್."

ಒಪ್ಪಿದೆ. ಒಂದು ಕ್ಯಾಮೆರಾ ಗುರುನಾಥನದು, ಅವನ ಗೆಳೆಯ ಹೊರದೇಶದಿಂದ ತಂದುಕೊಟ್ಟದ್ದು. ಇನ್ನೊಂದಕ್ಕೆ ಅಫಜಲಪುರದಿಂದ ಮಹಿಬೂಬನನ್ನು ಕರೆಸಿದೆವು. ಅವನು ಮದುವೆಯ ವಿಡಿಯೋ ಬಿಟ್ಟು ಬೇರೆ ತೆಗೆದವನಲ್ಲ.

"ಸರ್, ಜರಾ ನಗ್ರಿ."

"ತೆಗೆಯೋದು ಮೊಣಕಾಲು. ನಗು ಯಾಕೋ ಮಾರಾಯಾ?"

"ಮಾರಿ ಇಲ್ಲದ ವಿಡಿಯೋ ನಾ ಈ ತನಕ ತೆಗ್ದಿಲ್ರಿ ಸರ್. ಕೈಗೆ ರೂಢಿ ಇಲ್ಲ."

ಎರಡೂ ಕ್ಯಾಮೆರಾಗಳಲ್ಲಿ ವೇಳೆ ಒಂದೇ ಇರಬೇಕು, ಆಗಲೇ ಎರಡು ಚಿತ್ರಗಳನ್ನು ಹೋಲಿಸಲು ಬರುತ್ತದೆ ಎಂದು ಗುರುನಾಥ ಹೇಳಿದ. ವೇಳೆಯ ವಿಷಯದಲ್ಲಿ ನನ್ನ ಮನೆಗೆ ಬಂದು ನನಗೇ ಪಾಠ. ಆ ಕೆಲಸ ನಾನೇ ವಹಿಸಿಕೊಂಡೆ. ಅವನ ಕ್ಯಾಮೆರಾಕ್ಕೆ ನನ್ನ ಕೈಗಡಿಯಾರ ನೋಡಿ ವೇಳೆ ತುಂಬಿಸಿ, ಮಹಿಬೂಬನಿಗೆ ಗೋಡೆಯ ಗಡಿಯಾರ ತೋರಿಸಿದೆ. ಹಳೆಯ ಸೀಟಿ ಹುಡುಕಿ ಊದಿ, ಫರ್ಸಿ ಕಲ್ಲು ಹಾಸಿದ ಅಂಗಳದಲ್ಲಿ ಠೀವಿಯಿಂದ ನಡೆದೆ.

ಮುಂದಿನ ವಾರ ಎರಡು ಟಿವಿ ಅಕ್ಕಪಕ್ಕ ಇಟ್ಟು ಕುಳಿತೆವು. ಮಹಿಬೂಬನ ಕ್ಯಾಸೆಟ್ಟಿನಲ್ಲಿ ರೂಢಿಯಂತೆ ಮೊದಲು ಗಣಪತಿ, ಆಮೇಲೆ ಅರಳುವ ಗುಲಾಬಿ, ಆಮೇಲೆ ಹೃದಯದಾಕಾರದ ಚೌಕಟ್ಟಿನೊಳಗೆ ನನ್ನ ಎಡ ಮೊಣಕಾಲು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುರುನಾಥ ಎರಡನ್ನೂ ಒಂದೇ ವೇಳೆಗೆ ನಿಲ್ಲಿಸಿದ.

"ಮಾಮಾ, ಈ ಟಿವಿಯೊಳಗ ನೀವು ನಡ್ಯಾಕತ್ತೀರಿ, ಆ ಟಿವಿಯೊಳಗ ಕುಂತು ಚಹಾ ಕುಡ್ಯಾಕತ್ತೀರಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹೇಳಿದಳು: "ಮಹಿಬೂಬಂದ್ರಾಗ ಹತ್ತು ನಿಮಿಷ ಕಳೀಪಾ, ಬರೋಬ್ಬರಿ ಆಗ್ತದ. ನಮ್ಮ ಗಡಿಯಾರ ಹೆಂಗದ ಅಂತ ಹಾಲಿನಾಂವಗ ಸುದ್ದಾ ಗೊತ್ತದ."

ನಾನು ಗಡಿಯಾರ ಮುಂದಿಟ್ಟಿದ್ದೆ. ಮನೆಯವರೆಲ್ಲ ಅಷ್ಟನ್ನೇ ಕಳೆದು ನೋಡಿಕೊಂಡು ನೆಮ್ಮದಿಯಾಗಿ ಬಾಳಿದ್ದರು.

ಕಳೆದು ನೋಡಿದರೂ ಕಾಲು ಕೂಡಲಿಲ್ಲ. ಗುರುನಾಥ ಎರಡು ಕಡೆಯೂ ಚಿತ್ರಗಳನ್ನು ಒಂದೊಂದಾಗಿ ಎಣಿಸುತ್ತ ಹೋದಂತೆ ಒಂದರಲ್ಲಿ ಎಡಗಾಲು ಮುಂದೆ, ಇನ್ನೊಂದರಲ್ಲಿ ಬಲಗಾಲು ಮುಂದೆ. ಕೊನೆಗೆ ಅವನಿಗೇ ಹೊಳೆಯಿತು. ಹೊರದೇಶದ ಕ್ಯಾಮೆರಾ ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯುತ್ತಿತ್ತು, ಮಹಿಬೂಬನದು ಇಪ್ಪತ್ತೈದು. ಸೆಕೆಂಡು ಇಬ್ಬರಿಗೂ ಒಂದೇ. ಅದರೊಳಗೆ ಕಂಡದ್ದು ಮಾತ್ರ ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ. ಈ ಮಾತು ಏಕೋ ಮನಸ್ಸಿನಲ್ಲಿ ಉಳಿಯಿತು.

ಎರಡನೆಯ ಸಲ ಮಹಿಬೂಬ ಒಂದೇ ಜಾತಿಯ ಎರಡು ಕ್ಯಾಮೆರಾ ತಂದ. ಗಡಿಯಾರಗಳ ಸಹವಾಸವೇ ಬೇಡವೆಂದು ಗುರುನಾಥ ನನ್ನ ಹೆಂಡತಿಯನ್ನು ಎರಡೂ ಕ್ಯಾಮೆರಾಗಳಿಗೆ ಕಾಣುವಂತೆ ನಿಲ್ಲಿಸಿದ. ಅವಳು ಚಪ್ಪಾಳೆ ತಟ್ಟಿದ ಚಿತ್ರದಿಂದ ಎರಡು ಕಡೆಯೂ ಎಣಿಕೆ ಶುರು. ತಟ್ಟಿದವಳು ಅಲ್ಲೇ ನಿಲ್ಲಬೇಕಿತ್ತು. ನಾನು ನಡೆದೆ, ರೂಢಿಯಂತೆ ಹಿಂದೆ ಬಂದಳು.

ಈ ಸಲ ಎಲ್ಲ ಕೂಡಿತು. ಎಡಗಾಲು ಎಳೆಯುವುದು ಎರಡು ಟಿವಿಯಲ್ಲೂ ಸ್ಪಷ್ಟವಾಗಿ ಕಂಡಿತು. ನಾನು ಸೋತಿದ್ದೆ. ಆದರೆ ಗುರುನಾಥ ನನ್ನ ಕಾಲು ಬಿಟ್ಟು ಅವಳ ಕಾಲು ನೋಡುತ್ತಿದ್ದ. ನನ್ನ ಎಡಗಾಲು ತಡವಾದಾಗಲೆಲ್ಲ ಹಿಂದೆ ಅವಳ ಎತ್ತಿದ ಪಾದ ನೆಲ ಮುಟ್ಟದೆ ಕಾಯುತ್ತಿತ್ತು. ಮುಂದಿನಿಂದ ತೆಗೆದದ್ದರಲ್ಲಿ ಅವಳ ಕಣ್ಣು ನನ್ನ ಹಿಮ್ಮಡಿಯ ಮೇಲಿತ್ತು.

"ಅತ್ತಿ, ನೀವು ಮಾಮಾನ ದಾಟಿ ಹೋಗಬಹುದಲ್ರಿ."

"ದಾಟಿದ್ರ ಅವರು ಜೋರ್ ನಡೀತಾರಪಾ. ಜೋರ್ ನಡದ್ರ ರಾತ್ರಿ ಕಾಲು ಹಿಡಕೊಂಡು ಕೂಡ್ತಾರ."

ಟಿವಿಯಲ್ಲಿ ಅವಳ ಪಾದ ಹಾಗೇ ಗಾಳಿಯಲ್ಲಿ ನಿಂತಿತ್ತು. ಆಪರೇಷನ್ನಿಗೆ ಒಪ್ಪಿದೆ.

ಗುಲಬರ್ಗಾಕ್ಕೆ ಹೊರಡುವ ಹಿಂದಿನ ದಿನ ಸ್ಟೂಲು ಹತ್ತಿ ನಿಂತು, ಗೋಡೆಯ ಗಡಿಯಾರವನ್ನು ಇಳಿಸಿ ರೇಡಿಯೋಕ್ಕೆ ಸರಿಮಾಡಿ ತೂಗುಹಾಕಿದೆ. ಇನ್ನು ಅವಳು ಕಳೆಯಬೇಕಾಗಿಲ್ಲ ಎಂಬ ಸಮಾಧಾನ. ಒಳ್ಳೆಯ ಕೆಲಸವನ್ನು ಹೇಳಿಕೊಳ್ಳಬಾರದೆಂದು ಸುಮ್ಮನಿದ್ದೆ.

ಬೆಳಿಗ್ಗೆ ಚೀಲ ಹಿಡಿದು ಬಾಗಿಲಲ್ಲಿ ನಿಂತು ಕೂಗಿದೆ. ಅವಳು ಗೋಡೆಯತ್ತ ನೋಡಿ, ಆರಾಮಾಗಿ ಚಹಾ ಸೋಸುತ್ತ ಅಂದಳು: "ಯಾಕ ಅವಸರ ಮಾಡ್ತೀರಿ, ಇನ್ನಾ ಹತ್ತು ನಿಮಿಷ ಅದ."

"ಗಡಿಯಾರ ನಿನ್ನೇನೇ ಸರಿ ಮಾಡೇನಿ."

"ಮತ್ತ ಹೇಳಬಾರದೇನ್ರಿ?"

ನಿಲ್ದಾಣ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿ ಧೂಳು ಮಾತ್ರ ಉಳಿದಿತ್ತು. ಕಂಟ್ರೋಲರ್ ನಮ್ಮತ್ತ ನೋಡಲೂ ಇಲ್ಲ. ಬಹಳ ಶಿಸ್ತಿನ ಮನುಷ್ಯನಿರಬೇಕು.