ಫೇಲು ಮಾಡಿರೆಂದು ಹಟ ಹಿಡಿದ ಅತ್ತೆ

ಪಾಸು ಮಾಡಿರೆಂದು ಕಾಡುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಪಾಸು ಮಾಡಿದ್ದಕ್ಕೇ ಜಗಳ ತೆಗೆದವರನ್ನು ಕಂಡಿದ್ದೀರಾ? ಹಾಗಿದ್ದರೆ ಚಿತ್ತಾಪುರದ ಹತ್ತಿರದ ಹಳ್ಳಿಯ ನನ್ನ ಸೋದರತ್ತೆಯನ್ನೇ ನೋಡಿರಬೇಕು!

ಅರವತ್ತು ದಾಟಿದ ಮೇಲೆ ಅತ್ತೆಗೆ ಅಕ್ಷರದ ಹುಚ್ಚು ಹಿಡಿಯಿತು. ಊರಿನ ಶಾಲೆಯಲ್ಲಿ ವಯಸ್ಕರಿಗೆ ತರಗತಿ ಶುರುವಾದಾಗ ಎಲ್ಲರಿಗಿಂತ ಮೊದಲು ಹೋಗಿ ಕುಳಿತರು. ಉದ್ಘಾಟನೆಗೆ ಬಂದ ಸಾಹೇಬರು, ಇಡೀ ಜಗತ್ತೇ ಈಗ ಎಲ್ಲರಿಗೂ ಶಿಕ್ಷಣ, ಜೀವನಪೂರ್ತಿ ಕಲಿಕೆ ಎನ್ನುತ್ತಿದೆ ಎಂದು ಭಾಷಣ ಬಿಗಿದರು. ಜೀವನಪೂರ್ತಿಯ ಆ ತರಗತಿ ತೊಗರಿ ಹೂ ಬಿಡುವುದರೊಳಗೆ ಮುಗಿದೇಹೋಯಿತು! ಅತ್ತೆ ಇನ್ನೂ ಒತ್ತಕ್ಷರದ ಹತ್ತಿರವೂ ಸುಳಿದಿರಲಿಲ್ಲ.

ಪರೀಕ್ಷೆಯ ದಿನ ಖಾಲಿ ಹಾಳೆ ಕೊಟ್ಟು ಬಂದರು. ಆದರೂ ಅವರಿಗೆ ಹಾರ ಹಾಕಿ ಪ್ರಮಾಣಪತ್ರ ಕೊಟ್ಟರು. ಮಗಳ ಬಾಣಂತನಕ್ಕೆಂದು ಸೇಡಂಗೆ ಹೋಗಿ ಪರೀಕ್ಷೆಗೇ ಬಾರದ ನೆರೆಮನೆಯಾಕೆಯೂ ಪಾಸು! ಊರಿಗೆ ಊರೇ ಸಾಕ್ಷರವಾಗಿತ್ತು.

ಮರುದಿನವೇ ಅತ್ತೆ ನನ್ನನ್ನು ಎಳೆದುಕೊಂಡು ಚಿತ್ತಾಪುರದಲ್ಲಿ ಅದೇ ಸಾಹೇಬರ ಕಚೇರಿಗೆ ಹೋದರು.

"ಸಾಹೇಬ್ರ, ನಾ ಫೇಲ್ ಆಗೀನ್ರಿ. ಹಂಗಂತ ಬರದ್ ಕೊಡ್ರಿ, ಮತ್ತ ಕಲೀತೀನಿ."

"ಯಮ್ಮಾ, ನೀವು ಪಾಸ್ ಆಗೀರಿ. ಮನಿಗಿ ಹೋಗಿ ಆರಾಮ ಕುಂದ್ರಿ."

ಅತ್ತೆ ಪ್ರಮಾಣಪತ್ರವನ್ನು ಮೇಜಿನ ಮೇಲೆ ಹರವಿದರು. "ಇದರಾಗ ಏನ್ ಬರದಾರ, ಓದಿ ಹೇಳ್ರಿ."

"ನಿಮಗ ಓದ್ಲಿಕ್ಕಿ ಬರ್ತದ ಅಂತ ಬರದಾರ."

"ನಂಗ ಓದ್ಲಿಕ್ಕಿ ಬಂದಿದ್ರ ನಿಮಗ್ಯಾಕ ಕೇಳ್ತಿದ್ದೆ?"

ಸಾಹೇಬರು ನೀರು ಕುಡಿದರು. "ಫೇಲ್ ಮಾಡ್ಲಿಕ್ಕಿ ಮ್ಯಾಲಿಂದ ಆರ್ಡರ್ ಇಲ್ಲ."

ಅತ್ತೆ ಅಲ್ಲೇ ಕುಳಿತರು. ಮಧ್ಯಾಹ್ನ ಬುತ್ತಿ ಬಿಚ್ಚಿ, ಸಾಹೇಬರಿಗೂ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಉಂಡ ಮೇಲೆ ಯಾರಿಗೆ ತಾನೆ ಗದರಿಸಲು ಬರುತ್ತದೆ? ಸಂಜೆಗೆ ಸಾಹೇಬರು ಸೋತು, ಶಾಲೆಯ ಟೀಚರಿಗೆ ಫೋನು ಮಾಡಿ, "ಆ ಸಾಕ್ಷರ ಯಮ್ಮಗ ಇನ್ನಷ್ಟು ಅಕ್ಷರ ಕಲಿಸ್ರಿ" ಎಂದರು!

ಬರುವಾಗ ಬಸ್ಸಿನಲ್ಲಿ ಕೇಳಿದೆ, "ಅತ್ತಿ, ಈ ವಯಸ್ಸಿನಾಗ ಇಷ್ಟ್ಯಾಕ ಹಟ?"

"ಅದು ನಿನಗ ತಿಳೆಂಗಿಲ್ಲ, ಸುಮ್ ಕುಂದ್ರು."

ಮೊನ್ನೆ ಅವರ ಮನೆಗೆ ಹೋದಾಗ ತಿಳಿಯಿತು. ಮಾವ ವಾಡಿಯಲ್ಲಿ ರೈಲ್ವೆ ನೌಕರಿ ಮಾಡಿದವರು. ಮದುವೆಯಾದಾಗಿನಿಂದ ಪ್ರತಿ ಮುಂಜಾನೆ ಪೇಪರನ್ನು ಗಟ್ಟಿಯಾಗಿ ಓದಿ ಅತ್ತೆಗೆ ಕೇಳಿಸುತ್ತಿದ್ದರು. ಈಗ ಅವರ ಕಣ್ಣು ಪೂರಾ ಹೋಗಿದೆ. ಪೇಪರು ಅತ್ತೆಯ ಕೈಯಲ್ಲಿತ್ತು.

"ಚಿಂ... ಚೋ... ಳಿಯಲ್ಲಿ... ಬಾರಿ... ಮಾಳೆ..."

ಯಾರು ಒಂದಕ್ಷರ ತಪ್ಪಿದರೂ ಸಿಡಿದೇಳುತ್ತಿದ್ದ ಮಾವ ಗೋಡೆಗೆ ಒರಗಿ ಕುಳಿತೇ ಇದ್ದರು.

"ಓದು, ಓದು. ನನಗೇನು ಅವಸರ ಇಲ್ಲ."